ಸೋಂಪಿನ ತಟ್ಟೆಯ ದುಡ್ಡು ಯಾರದ್ದು?

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಒಂದೇ ವಿಷಯದ್ದು: ಹೋಟೆಲಿನ ಟಿಪ್ಸ್. 1988ರಿಂದ 2019ರವರೆಗೆ ನಾನು, ನಮ್ಮ ಯಜಮಾನರು ತುಮಕೂರಿನಲ್ಲಿ 11 ಟೇಬಲ್ಲಿನ ಒಂದು ಹೋಟೆಲ್ ನಡೆಸಿದೆವು. ಗಲ್ಲಾದಲ್ಲಿ ಅವರು, ಒಳಗೆ ನಾನು. ಟಿಪ್ಸ್ ಡಬ್ಬಿಯ ಲೆಕ್ಕ ಬರೆಯುತ್ತಿದ್ದವಳೂ ನಾನೇ. ಆ ನೋಟ್‌ಪುಸ್ತಕಗಳು ಇವತ್ತಿಗೂ ನನ್ನ ಹತ್ತಿರ ಇವೆ. ಬೇರೆ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟು, ಈ ನಾಲ್ಕಕ್ಕೆ ಮಾತ್ರ ಉತ್ತರ ಬರೆದಿದ್ದೇನೆ.

ಪ್ರಶ್ನೆ: ಅಕ್ಕಾ, ನನಗೆ 26 ವರ್ಷ. ಊರು ಹಾಸನದ ಕಡೆ. ಬೆಂಗಳೂರಿನ ಒಂದು ವೆಜ್ ರೆಸ್ಟೋರೆಂಟಿನ ಎಸಿ ಹಾಲ್‌ನಲ್ಲಿ ಸಪ್ಲೈಯರ್ ಆಗಿದ್ದೇನೆ. ನಾವು 6 ಜನ. ಒಬ್ಬೊಬ್ಬರಿಗೆ ದಿನಕ್ಕೆ ಸುಮಾರು 300 ರೂಪಾಯಿ ಟಿಪ್ಸ್ ಸಿಗುತ್ತದೆ. ಹೋದ ತಿಂಗಳು ಓನರ್ ಗಲ್ಲಾ ಪಕ್ಕ ಡಬ್ಬಿ ಇಟ್ಟರು. ಟಿಪ್ಸಿನಲ್ಲಿ ನೂರಕ್ಕೆ 30 ಅದಕ್ಕೆ ಹಾಕಬೇಕು, ಅಡುಗೆಮನೆಯ 9 ಜನಕ್ಕೆ ನಾನು ಹಂಚುತ್ತೇನೆ ಅಂದರು. ಹೆಡ್ ಕುಕ್‌ಗೆ ನನಗಿಂತ 12 ಸಾವಿರ ಸಂಬಳ ಜಾಸ್ತಿ. ಸಾಂಬಾರಿಗೆ ಉಪ್ಪು ಜಾಸ್ತಿ ಆದರೆ ಬೈಸಿಕೊಳ್ಳುವವನು ನಾನು. ಬೈಗುಳ ನನಗೊಬ್ಬನಿಗೆ, ಟಿಪ್ಸ್ ಮಾತ್ರ ಎಲ್ಲರಿಗಾ? ಇದು ನ್ಯಾಯವಾ?

ಉತ್ತರ: ತಮ್ಮಾ, ಬೈಗುಳದ ಮಾತು ನಿಜ. ನಮ್ಮಲ್ಲಿ ಒಬ್ಬ ಸಪ್ಲೈಯರ್ ಇದ್ದ, ಹೊನ್ನಾವರದ ಹುಡುಗ. ಎಡಗೈ ಮೇಲೆ ನಾಲ್ಕು ತಟ್ಟೆ ಜೋಡಿಸಿಕೊಂಡು ಬರುತ್ತಿದ್ದ. ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಎಂಟು ಜನರ ಆರ್ಡರ್ ತಲೆಯಲ್ಲೇ ಇಟ್ಟುಕೊಂಡು, ಯಾರಿಗೆ ಚಟ್ನಿ ಬೇರೆ ಬಟ್ಟಲಲ್ಲಿ, ಯಾರಿಗೆ ಸಕ್ಕರೆ ಇಲ್ಲದ ಕಾಫಿ, ಎಲ್ಲ ತಪ್ಪದೆ ತಂದಿಡುತ್ತಿದ್ದ. ಒಬ್ಬ ಗಿರಾಕಿ ಅವನ ಮುಖಕ್ಕೇ ನೀರು ಎರಚಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವಡೆ ತಣ್ಣಗಿತ್ತು ಅಂತ. ವಡೆ ತಣ್ಣಗಾಗಿದ್ದು ನನ್ನಿಂದ. ಮುಖ ಒರೆಸಿಕೊಂಡು ಹೋಗಿ ಬಿಸಿ ವಡೆ ತಂದು ಕೊಟ್ಟವನು ಅವನು. ಹಾಗಾಗಿ ಟಿಪ್ಸಿನಲ್ಲಿ ದೊಡ್ಡ ಪಾಲು ಸಪ್ಲೈಯರ್‌ದೇ ಅನ್ನುವುದರಲ್ಲಿ ನನಗೆ ಅನುಮಾನವೇ ಇಲ್ಲ.

ಆದರೂ ಒಳಗಿನವರಿಗೆ ಪಾಲು ಕೊಡಬೇಕು ಅಂತಲೇ ಹೇಳುತ್ತೇನೆ. ಯಾಕೆ ಅಂತ ನನ್ನ ಪುಸ್ತಕದಿಂದಲೇ ಹೇಳುತ್ತೇನೆ, ಕೇಳು.

1994ರ ಮಳೆಗಾಲ. ನಮ್ಮ ದೋಸೆ ಭಟ್ಟರಿಗೆ ಜ್ವರ ಬಂದು ನಾಲ್ಕು ದಿನ ಮಲಗಿದರು. ಕಾವಲಿ ಮುಂದೆ ಅವರ ಅಸಿಸ್ಟೆಂಟ್ ಹುಡುಗ ನಿಂತ. ಹಿಟ್ಟು ಅದೇ, ಆಲೂಗಡ್ಡೆ ಪಲ್ಯ ಅದೇ, ಸಪ್ಲೈಯರ್‌ಗಳೂ ಅವರೇ. ಆದರೆ ದೋಸೆಯ ಒಂದು ಕಡೆ ಕರಿ, ಇನ್ನೊಂದು ಕಡೆ ಬಿಳಿ. ಟೇಬಲ್ಲಿಗೆ ಬರುವುದೂ ತಡ. ದಿನಕ್ಕೆ 80-90 ರೂಪಾಯಿ ಬೀಳುತ್ತಿದ್ದ ಡಬ್ಬಿಯಲ್ಲಿ ಆ ನಾಲ್ಕು ದಿನ ಬಿದ್ದದ್ದು 52, 41, 38, 44. ಆಗ ಗಿರಾಕಿಗಳು ನಾಲ್ಕಾಣೆ, ಎಂಟಾಣೆ, ಜಾಸ್ತಿ ಅಂದರೆ ಒಂದು ರೂಪಾಯಿ ಇಡುತ್ತಿದ್ದ ಕಾಲ. ಆ ಅಂಕಿಗಳನ್ನು ನಾನು ಸಪ್ಲೈಯರ್ ಹುಡುಗರಿಗೆ ತೋರಿಸಿದೆ. ಯಾರೂ ಮಾತಾಡಲಿಲ್ಲ. ಐದನೇ ದಿನ ಭಟ್ಟರು ಬಂದಾಗ ಅವರೇ ಓಡಿಹೋಗಿ ಭಟ್ಟರಿಗೆ ಕಾಫಿ ಕೊಟ್ಟರು.

ಗಿರಾಕಿ ತಟ್ಟೆಯಲ್ಲಿ ದುಡ್ಡು ಇಡುವಾಗ ಅವನ ಕಣ್ಣಿಗೆ ಬೀಳುವುದು ನೀನೊಬ್ಬನೇ. ಆದರೆ ಆ ದುಡ್ಡು ಹೊಟ್ಟೆ ತಣ್ಣಗಾಗಿದ್ದಕ್ಕೆ. ಬೆಳಗ್ಗೆ ನಾಲ್ಕೂವರೆಗೆ ಇಡ್ಲಿ ಹಬೆಗೆ ಇಟ್ಟವರದ್ದೂ ಅದರಲ್ಲಿ ಇದೆ. ದರ್ಶಿನಿ ಹೋಟೆಲ್‌ಗಳನ್ನೇ ನೋಡು. 1983ರಲ್ಲಿ ಜಯನಗರದಲ್ಲಿ ಮೊದಲನೆಯದು ಶುರುವಾಯಿತು. ಟೋಕನ್ ತಗೊಂಡು ನಿಂತುಕೊಂಡು ತಿನ್ನುವುದು. ಅಲ್ಲಿ ದೋಸೆ ಹಾಕುವವರು ನಮ್ಮ ಕಣ್ಣೆದುರೇ ಇರುತ್ತಾರೆ, ಬೆವರು ಒರೆಸಿಕೊಳ್ಳುವುದೂ ಕಾಣುತ್ತದೆ. ಆದರೂ ಅವರ ಕೈಗೆ ಹತ್ತು ರೂಪಾಯಿ ಇಟ್ಟವರನ್ನು ನಾನು ನೋಡಿಲ್ಲ. ನಾನೂ ಇಟ್ಟಿರಲಿಲ್ಲ. ಯಾಕೆ ಅಂತ ಬಹಳ ದಿನ ಯೋಚನೆ ಮಾಡಿದ್ದೇನೆ. ಅಲ್ಲಿ ಬಿಲ್ಲು ಮೊದಲೇ ಮುಗಿದಿರುತ್ತದೆ. ಸೋಂಪಿನ ತಟ್ಟೆಯಲ್ಲಿ ಚಿಲ್ಲರೆ ವಾಪಸ್ ಬರುವ ಆ ಒಂದು ಗಳಿಗೆ ಅಲ್ಲಿ ಇಲ್ಲ. ಟಿಪ್ಸ್ ಹುಟ್ಟುವುದೇ ಆ ಗಳಿಗೆಯಲ್ಲಿ. ಆಗ ಎದುರಿಗೆ ನೀನು ಇರುತ್ತೀಯ, ಅವರು ಇರುವುದಿಲ್ಲ.

ಇನ್ನು ನಿನ್ನ ಹೆಡ್ ಕುಕ್ ವಿಷಯ. ಇಲ್ಲಿ ನಾನು ನಿನ್ನ ಕಡೆ. ಅವರಿಗೆ ಪಾಲು ಬೇಡ. ನಮ್ಮ ದೋಸೆ ಭಟ್ಟರು ಆ ಜ್ವರದ ಮೇಲೆ ಒಂದು ದಿನ ಬಂದು, "ನಾನಿಲ್ಲದಿದ್ದರೆ ಡಬ್ಬಿ ಖಾಲಿ ಅಂತ ನಿಮ್ಮ ಪುಸ್ತಕವೇ ಹೇಳುತ್ತೆ, ನನಗೂ ಪಾಲು ಕೊಡಿ" ಅಂದರು. ಅವರು ಕೇಳಿದ್ದು ಸರಿಯಾಗಿತ್ತು. ಆದರೆ ಅವರ ಕೈರುಚಿಯಿಂದ ಡಬ್ಬಿಗಿಂತ ಜಾಸ್ತಿ ತುಂಬುತ್ತಿದ್ದದ್ದು ನಮ್ಮ ಗಲ್ಲಾ. ಆ ರುಚಿಗೆ ಬೆಲೆ ಕೊಡಬೇಕಾದವರು ನಾವು, ಸಪ್ಲೈಯರ್ ಹುಡುಗರಲ್ಲ. ಆ ತಿಂಗಳಿಂದ ಅವರ ಸಂಬಳಕ್ಕೆ 150 ರೂಪಾಯಿ ಸೇರಿಸಿದೆವು. ಟಿಪ್ಸಿನ ಪಾಲು ಹೋಗಿದ್ದು ಹಿಟ್ಟು ರುಬ್ಬುವವನಿಗೆ, ತರಕಾರಿ ಹೆಚ್ಚುವ ಅಮ್ಮನಿಗೆ, ಮುಸುರೆ ತಿಕ್ಕುವ ಇಬ್ಬರಿಗೆ, ಟೇಬಲ್ ಒರೆಸುವ ಕ್ಲೀನರ್‌ಗೆ. ಟಿಪ್ಸ್ ಹಂಚುವಾಗ ಎಲ್ಲರೂ ಮೊದಲು ಕುಕ್ ಬಗ್ಗೆ ಮಾತಾಡುತ್ತಾರೆ. ಸಂಬಳ ಕಡಿಮೆ ಇರುವವರಿಂದ ಶುರು ಮಾಡಬೇಕು ಅನ್ನುವುದು ನನ್ನ ಅನುಭವ.

ನಿಮ್ಮ ಲೆಕ್ಕವನ್ನೇ ತಗೋ. 6 ಜನಕ್ಕೆ 300ರಂತೆ ದಿನಕ್ಕೆ 1,800. ಓನರ್ ಹೇಳಿದ ಹಾಗೆ ನೂರಕ್ಕೆ 30 ಅಂದರೆ 540, ಒಳಗಿನ 9 ಜನಕ್ಕೆ ತಲಾ 60. ನಿನಗೆ ಉಳಿಯುವುದು 210. ಅದರ ಬದಲು ಜಾಸ್ತಿ ಸಂಬಳದ ಇಬ್ಬರನ್ನು ಬಿಟ್ಟು, ನೂರಕ್ಕೆ 20 ಮಾಡಿ ನೋಡು. 360 ರೂಪಾಯಿ, 7 ಜನ, ಒಬ್ಬೊಬ್ಬರಿಗೆ 50ರ ಮೇಲೆ. ನಿನಗೆ 240 ಉಳಿಯುತ್ತದೆ. ಮುಸುರೆ ತಿಕ್ಕುವವರಿಗೆ 26 ದಿನದಲ್ಲಿ 1,300 ರೂಪಾಯಿ ಆಯಿತು. ಅವರ ಮನೆಗೆ ಅದು ಒಂದು ಗ್ಯಾಸ್ ಸಿಲಿಂಡರ್, ಮೇಲೆ ಸ್ವಲ್ಪ ಬೇಳೆ. 20 ಅನ್ನುವುದೇ ಸರಿ ಅಂತ ನಾನು ಹೇಳುತ್ತಿಲ್ಲ. ನೀವು ಆರು ಜನ ಕೂತು 15 ಅಂದರೂ ಸರಿ. ನೀವೇ ಕೂತು ತೀರ್ಮಾನ ಮಾಡಬೇಕು, ಅಷ್ಟೇ.

ಈಗ ನನಗೆ ಕಷ್ಟವಾದ ಮಾತು. ನಿನ್ನ ಕಾಗದದಲ್ಲಿ ನನ್ನನ್ನು ಹೆದರಿಸಿದ್ದು ಆ 30 ಅಲ್ಲ. "ನಾನು ಹಂಚುತ್ತೇನೆ" ಅಂತ ಓನರ್ ಹೇಳಿದ್ದು.

1991ರಲ್ಲಿ ನಾವೂ ಡಬ್ಬಿಯನ್ನು ಗಲ್ಲಾ ಕೆಳಗೇ ಇಟ್ಟಿದ್ದೆವು. ಆ ವರ್ಷ ಗಾಜಿನ ಲೋಟ ತುಂಬಾ ಒಡೆಯುತ್ತಿದ್ದವು. ನಮ್ಮ ಯಜಮಾನರು ಒಂದು ಶನಿವಾರ ಡಬ್ಬಿಯಿಂದ 35 ರೂಪಾಯಿ ತೆಗೆದು, ಹೊಸ ಲೋಟ ತಂದರು. ನಾನು ಪುಸ್ತಕದಲ್ಲಿ "ಲೋಟ 35" ಅಂತ ಬರೆದೆ. ಅದು ತಪ್ಪು ಅಂತ ನನಗೆ ಆಗ ಅನ್ನಿಸಲೇ ಇಲ್ಲ. ಆಮೇಲೆ ಪೊರಕೆ, ಆಮೇಲೆ ಸೋಪು. ನಾಲ್ಕು ತಿಂಗಳಲ್ಲಿ 210 ರೂಪಾಯಿ ಹಾಗೆ ಹೋಯಿತು. ಮೇಲೆ ಹೇಳಿದ ಹೊನ್ನಾವರದ ಹುಡುಗ ಒಂದು ದಿನ ಪುಸ್ತಕ ನೋಡಿದ. ಏನೂ ಕೇಳಲಿಲ್ಲ. ಮಾರನೇ ವಾರ ಊರಿಗೆ ಹೋಗಿ ಬರುತ್ತೇನೆ ಅಂತ ಹೋದವನು ವಾಪಸ್ ಬರಲಿಲ್ಲ. ಅವನಂಥ ಸಪ್ಲೈಯರ್ ನಮಗೆ ಮತ್ತೆ ಸಿಗಲಿಲ್ಲ. ಆ 210 ರೂಪಾಯಿಯನ್ನು ಆಮೇಲೆ ಡಬ್ಬಿಗೆ ಹಾಕಿದೆವು. ಅವನ ಪಾಲನ್ನು ಅವನಿಗೆ ಕೊಡಲು ಆಗಲಿಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಆಮೇಲೆ ಡಬ್ಬಿಯನ್ನು ಗಲ್ಲಾದಿಂದ ತೆಗೆದು ಕೈ ತೊಳೆಯುವ ಜಾಗದ ಪಕ್ಕ, ಎಲ್ಲರಿಗೂ ಕಾಣುವ ಹಾಗೆ ಇಟ್ಟೆವು. ಬೀಗದ ಕೈ ಒಬ್ಬ ಸಪ್ಲೈಯರ್ ಹತ್ತಿರ. ಭಾನುವಾರ ಮಧ್ಯಾಹ್ನ ಮೂರೂವರೆಗೆ, ಊಟದ ಗಲಾಟೆ ಮುಗಿದ ಮೇಲೆ, ಒಳಗಿನವರೊಬ್ಬರು ಹೊರಗಿನವರೊಬ್ಬರು ಕೂತು ಎಣಿಸುವುದು. ಅವರು ಹೇಳಿದ್ದನ್ನು ನಾನು ಬರೆದುಕೊಳ್ಳುವುದು. ದುಡ್ಡನ್ನು ನಾನು ಮುಟ್ಟುತ್ತಿರಲಿಲ್ಲ.

ನೀನು ಓನರ್ ಹತ್ತಿರ ಹೋಗಿ "ಕೊಡಲ್ಲ" ಅನ್ನಬೇಡ. "ಕೊಡುತ್ತೇವೆ ಸರ್, ಆದರೆ ಡಬ್ಬಿ ನಮ್ಮ ಹತ್ತಿರ ಇರಲಿ, ಎಷ್ಟು ಅನ್ನುವುದನ್ನು ನಾವೇ ಒಳಗಿನವರ ಜೊತೆ ಮಾತಾಡಿಕೊಳ್ಳುತ್ತೇವೆ, ಇದನ್ನು ತೋರಿಸಿ ಯಾರ ಸಂಬಳವನ್ನೂ ತಡೆಯಬೇಡಿ" ಅಂತ ಹೇಳು. ಒಬ್ಬನೇ ಹೋಗಬೇಡ. ಒಳಗಿನವರಲ್ಲಿ ಇಬ್ಬರನ್ನು ಕರೆದುಕೊಂಡು ಹೋಗು. ಅವರು ಪಕ್ಕದಲ್ಲಿ ನಿಂತರೆ ನೀನು ಜಿಪುಣ ಅಂತ ಯಾರೂ ಹೇಳಲು ಆಗುವುದಿಲ್ಲ.

ಪ್ರಶ್ನೆ: ನಾನು ಮೈಸೂರಿನ ನಿವೃತ್ತ ಬ್ಯಾಂಕ್ ಉದ್ಯೋಗಿ. ಬೆಂಗಳೂರಿಗೆ ಹೋದಾಗ ಒಂದು ರೆಸ್ಟೋರೆಂಟಿನಲ್ಲಿ ಬಿಲ್ಲಿಗೆ ನೂರಕ್ಕೆ 10 ಸರ್ವಿಸ್ ಚಾರ್ಜ್ ಸೇರಿಸಿದ್ದರು. ಕೇಳಿದರೆ "ಇದು ಅಡುಗೆಮನೆಯವರಿಗೂ ಹೋಗುತ್ತೆ ಸರ್" ಅಂದರು. ನಾನು ಯುಪಿಐನಲ್ಲೇ ಕೊಡುವವನು. ನನ್ನ ದುಡ್ಡು ನಿಜವಾಗಿ ಕೆಲಸದವರಿಗೆ ಸೇರಬೇಕಾದರೆ ಏನು ಮಾಡಲಿ?

ಉತ್ತರ: ಸರ್, ಸರ್ವಿಸ್ ಚಾರ್ಜ್ ನೀವು ಕೊಡಲೇಬೇಕು ಅಂತ ಇಲ್ಲ. 2022ರ ಜುಲೈ 4ರಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ಇದಕ್ಕೆ ಮಾರ್ಗಸೂಚಿ ತಂದಿತು. ಯಾವ ಹೋಟೆಲೂ ತಾನಾಗಿ ಬಿಲ್ಲಿಗೆ ಸರ್ವಿಸ್ ಚಾರ್ಜ್ ಸೇರಿಸುವ ಹಾಗಿಲ್ಲ, ಬೇರೆ ಹೆಸರಿನಲ್ಲೂ ತಗೊಳ್ಳುವ ಹಾಗಿಲ್ಲ ಅಂತ. ಹೋಟೆಲ್ ಸಂಘಗಳು ಕೋರ್ಟಿಗೆ ಹೋದವು. ಆ ತಿಂಗಳೇ ದೆಹಲಿ ಹೈಕೋರ್ಟ್ ತಡೆ ಕೊಟ್ಟಿತು. ಕೊನೆಗೆ 2025ರ ಮಾರ್ಚ್ 28ರಂದು ಅದೇ ಹೈಕೋರ್ಟಿನ ನ್ಯಾಯಮೂರ್ತಿ ಪ್ರತಿಭಾ ಎಂ. ಸಿಂಗ್ ಮಾರ್ಗಸೂಚಿಯನ್ನು ಎತ್ತಿಹಿಡಿದರು. ನೀವು ಬಿಲ್ಲಿನಿಂದ ತೆಗೆಯಿರಿ ಅಂತ ಕೇಳಬಹುದು. ತೆಗೆಯದಿದ್ದರೆ ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡಿ ದೂರು ಕೊಡಬಹುದು.

ಆದರೆ ಸರ್, ತೆಗೆಸಿದ ಮೇಲೆ ಸುಮ್ನೆ ಎದ್ದು ಬರಬೇಡಿ. ಆ ದುಡ್ಡಿನಲ್ಲಿ ಸ್ವಲ್ಪವನ್ನಾದರೂ ನೋಟಿನಲ್ಲಿ ಇಟ್ಟು ಬನ್ನಿ. ಯುಪಿಐ ಬಂದ ಮೇಲೆ ಟಿಪ್ಸಿಗೆ ಬಿದ್ದ ಪೆಟ್ಟು ನಿಮಗೆ ಗೊತ್ತಿರಲಿಕ್ಕಿಲ್ಲ. ನಾನು ಅದನ್ನು ಪುಸ್ತಕದಲ್ಲೇ ನೋಡಿದವಳು. 2016ರ ನವೆಂಬರ್ 8ಕ್ಕೆ ನೋಟು ರದ್ದಾದ ಮೇಲೆ ಮೂರು ವಾರ ಡಬ್ಬಿಯಲ್ಲಿ ಏನೂ ಇರಲಿಲ್ಲ, ಯಾರ ಹತ್ತಿರವೂ ಚಿಲ್ಲರೆ ಇರಲಿಲ್ಲ. ಅದು ಆಮೇಲೆ ಸರಿಹೋಯಿತು. ಕ್ಯೂಆರ್ ಕೋಡ್ ಬಂದ ಮೇಲೆ ಇಳಿದದ್ದು ಮಾತ್ರ ಮತ್ತೆ ಏರಲಿಲ್ಲ. 187 ರೂಪಾಯಿ ಬಿಲ್ಲಾದರೆ ಜನ 187ನ್ನೇ ಒತ್ತುತ್ತಾರೆ. ಮೊದಲು 200 ಕೊಟ್ಟು 13ರಲ್ಲಿ 10 ಬಿಡುತ್ತಿದ್ದರು.

ಗಲ್ಲಾದ ಕ್ಯೂಆರ್‌ಗೆ ಟಿಪ್ಸ್ ಸೇರಿಸಿ ಹಾಕಿದರೆ ಅದು ಓನರ್ ಖಾತೆಗೆ ಹೋಗುತ್ತದೆ. ಅಲ್ಲಿಂದ ಹೊರಗೆ ಬರುವುದು ಅವರ ಮನಸ್ಸಿಗೆ ಬಿಟ್ಟದ್ದು. ಕಾರ್ಡಿನಲ್ಲಿ ಕೊಟ್ಟ ಟಿಪ್ಸ್ ಬಗ್ಗೆ ಸುಪ್ರೀಂ ಕೋರ್ಟ್ 2016ರ ಏಪ್ರಿಲ್‌ನಲ್ಲಿ ಐಟಿಸಿ ಹೋಟೆಲ್‌ಗಳ ತೆರಿಗೆ ಕೇಸಿನಲ್ಲಿ ಒಂದು ಒಳ್ಳೆಯ ಮಾತು ಹೇಳಿದೆ. ಅದು ಒಡೆಯ ಕೊಡುವ ಸಂಬಳ ಅಲ್ಲ, ಗಿರಾಕಿ ಕೊಟ್ಟದ್ದನ್ನು ಕೆಲಸದವರ ಪರವಾಗಿ ಒಡೆಯ ನಂಬಿಕೆಯ ಮೇಲೆ ಇಟ್ಟುಕೊಂಡಿರುತ್ತಾನೆ ಅಷ್ಟೇ, ಅಂತ. ನಾನು ಹೋಟೆಲ್ ನಡೆಸುವ ಎಲ್ಲರಿಗೂ ಈ ಮಾತನ್ನು ಹೇಳುತ್ತಿರುತ್ತೇನೆ. ನೀವು ಬ್ಯಾಂಕಿನಲ್ಲಿದ್ದವರು, ನಿಮಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತದೆ. ಜೇಬಿನಲ್ಲಿ ಯಾವಾಗಲೂ ಹತ್ತು, ಇಪ್ಪತ್ತರ ನಾಲ್ಕು ನೋಟು ಇಟ್ಟುಕೊಳ್ಳಿ. ಕೊಡುವಾಗ "ಒಳಗಿನವರಿಗೂ" ಅಂತ ಒಂದು ಮಾತು ಹೇಳಿ. ಹಾಗೆ ಹೇಳಿ ಕೊಟ್ಟ ದುಡ್ಡನ್ನು ಒಬ್ಬನೇ ಜೇಬಿಗೆ ಹಾಕಿಕೊಂಡ ಸಪ್ಲೈಯರ್‌ನ ನಾನು ನೋಡಿಲ್ಲ.

ಪ್ರಶ್ನೆ: ಮಗ ಇಂಗ್ಲೆಂಡಿನಲ್ಲಿ ಎಂಎಸ್ಸಿ ಓದುತ್ತಿದ್ದಾನೆ. ಒಂದು ರೆಸ್ಟೋರೆಂಟಿನ ಅಡುಗೆಮನೆಯಲ್ಲಿ ಪಾರ್ಟ್‌ಟೈಮ್ ಪಾತ್ರೆ ತೊಳೆಯುತ್ತಾನಂತೆ. ನಮಗೆ ಹೇಳಿರಲೇ ಇಲ್ಲ. ಅಲ್ಲಿ ಟಿಪ್ಸ್ ಎಲ್ಲ ಹೊರಗಿನವರಿಗೇ, ಒಳಗಿನವರಿಗೆ ಏನೂ ಇಲ್ಲವಂತೆ. ಅವನಿಗೆ ಕೇಳುವ ಹಕ್ಕು ಇದೆಯಾ? (ತಾಯಿ, ದಾವಣಗೆರೆ)

ಉತ್ತರ: ಇದೆ ತಾಯಿ. ಅಲ್ಲಿ ಇದಕ್ಕೆ ಕಾನೂನೇ ಇದೆ. 2023ರಲ್ಲಿ ಪಾಸಾಗಿ 2024ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿದೆ. ಒಡೆಯನ ಕೈಗೆ ಬರುವ ಟಿಪ್ಸ್ ಪೂರ್ತಿ ಕೆಲಸದವರಿಗೇ ಹೋಗಬೇಕು. ತೆರಿಗೆ ಬಿಟ್ಟು ಬೇರೆ ಯಾವುದಕ್ಕೂ ಮುರಿದುಕೊಳ್ಳುವ ಹಾಗಿಲ್ಲ. ಗಿರಾಕಿ ಕೊಟ್ಟ ತಿಂಗಳಿನ ಮುಂದಿನ ತಿಂಗಳು ಮುಗಿಯುವುದರೊಳಗೆ ಹಂಚಬೇಕು. ಹೇಗೆ ಹಂಚುತ್ತೇವೆ ಅನ್ನುವುದನ್ನು ಬರೆದಿಟ್ಟು, ಎಲ್ಲ ಕೆಲಸದವರಿಗೂ ತೋರಿಸಬೇಕು. ಎಲ್ಲರಿಗೂ ಸಮ ಪಾಲು ಅಂತ ಕಾನೂನು ಹೇಳುವುದಿಲ್ಲ, ಹಂಚುವುದು ನ್ಯಾಯವಾಗಿರಬೇಕು ಅನ್ನುತ್ತದೆ. ಲೆಕ್ಕವನ್ನು ಮೂರು ವರ್ಷ ಇಟ್ಟಿರಬೇಕು. ಮಗ ಮೊದಲು ಆ ಬರೆದಿಟ್ಟ ನಿಯಮವನ್ನು ಕೇಳಿ ಓದಲಿ. ಅನ್ಯಾಯ ಅನ್ನಿಸಿದರೆ ಅಲ್ಲಿನ ಕಾರ್ಮಿಕ ನ್ಯಾಯಮಂಡಳಿಗೂ ಹೋಗಬಹುದು. ಆದರೆ ಗಿರಾಕಿ ನೇರವಾಗಿ ಸಪ್ಲೈಯರ್ ಕೈಗೆ ಕೊಟ್ಟು, ಒಡೆಯ ಅದಕ್ಕೆ ಕೈ ಹಾಕದಿದ್ದರೆ ಆ ನಗದಿಗೆ ಈ ಕಾನೂನು ಬರುವುದಿಲ್ಲ.

ಅಮೆರಿಕದ ಲೆಕ್ಕ ಬೇರೆ. ಅಲ್ಲಿ ಟಿಪ್ಸ್ ಸಿಗುವವರಿಗೆ ಒಡೆಯ ಗಂಟೆಗೆ 2.13 ಡಾಲರ್ ಕೊಟ್ಟರೆ ಸಾಕು, ಉಳಿದದ್ದು ಟಿಪ್ಸಿನಿಂದ ತುಂಬಬೇಕು ಅಂತ ಕೇಂದ್ರದ ಕಾನೂನು. ಆ 2.13 ಅನ್ನುವುದು 1991ರಿಂದ ಬದಲಾಗಿಲ್ಲ. ಆದರೆ ಹಲವು ರಾಜ್ಯಗಳು ಅದಕ್ಕಿಂತ ಜಾಸ್ತಿ ಕೊಡಿಸುತ್ತವೆ. 2018ರಲ್ಲಿ ಒಂದು ತಿದ್ದುಪಡಿ ಬಂತು. ಒಡೆಯ ಎಲ್ಲರಿಗೂ ಪೂರ್ತಿ ಕನಿಷ್ಠ ಕೂಲಿ ಕೊಟ್ಟರೆ ಮಾತ್ರ ಅಡುಗೆಮನೆಯವರನ್ನು ಟಿಪ್ಸ್ ಪಾಲಿಗೆ ಸೇರಿಸಬಹುದು. ಮ್ಯಾನೇಜರ್‌ಗಳಿಗೆ ಅದರಲ್ಲಿ ಪಾಲಿಲ್ಲ. ಇದು ನನಗೆ ತುಂಬಾ ಸರಿ ಅನ್ನಿಸಿತು. ಮೊದಲು ಒಡೆಯನ ಜೇಬಿನಿಂದ ಸಂಬಳ, ಆಮೇಲೆ ಹಂಚುವ ಮಾತು.

ಇನ್ನೊಂದು ವಿಷಯ. ಮಗ ಪಾತ್ರೆ ತೊಳೆಯುವುದನ್ನು ಮುಚ್ಚಿಟ್ಟ ಅಂತ ನಿಮಗೆ ಬೇಜಾರಾಗಿದೆ, ಕಾಗದದಲ್ಲಿ ಗೊತ್ತಾಗುತ್ತದೆ. ಫೋನ್ ಮಾಡಿ, ಕೈಗೆ ಎಣ್ಣೆ ಹಚ್ಚಿಕೋ ಅಂತ ಹೇಳಿ. ಅವನಿಗೆ ಅಷ್ಟು ಸಾಕು.

ಪ್ರಶ್ನೆ: ನಾನು ಹೋಟೆಲಿನಲ್ಲಿ 7 ವರ್ಷದಿಂದ ಮುಸುರೆ ತಿಕ್ಕುತ್ತೇನೆ. ಇದನ್ನು ಮಗಳ ಕೈಲಿ ಬರೆಸುತ್ತಿದ್ದೇನೆ. ಸಪ್ಲೈಯರ್ ಹುಡುಗರು ಒಳ್ಳೆಯವರು. ದೀಪಾವಳಿಗೆ ಎಲ್ಲರೂ ಸೇರಿ 200 ರೂಪಾಯಿ ಕೊಡುತ್ತಾರೆ. ದಿನದ ಟಿಪ್ಸಿನಲ್ಲಿ ಪಾಲು ಕೇಳಿದರೆ ತಪ್ಪಾಗುತ್ತಾ? ಕೇಳಕ್ಕೆ ನಾಚಿಕೆ ಆಗುತ್ತೆ.

ಉತ್ತರ: ತಪ್ಪಿಲ್ಲಮ್ಮ. ಮಧ್ಯಾಹ್ನ ಒಂದು ಗಂಟೆಯ ಹೊತ್ತಿಗೆ ತಟ್ಟೆ ಸಾಲದೆ ಸಪ್ಲೈಯರ್‌ಗಳು "ತಟ್ಟೆ, ತಟ್ಟೆ" ಅಂತ ಕೂಗುವುದು ನಿಮಗೆ ಗೊತ್ತಲ್ವಾ? ನಿಮ್ಮ ಕೈ ಹತ್ತು ನಿಮಿಷ ನಿಂತರೆ ಊಟದ ಹಾಲ್ ನಿಲ್ಲುತ್ತದೆ. ಕಾಫಿ ಲೋಟದಲ್ಲಿ ಸೋಪಿನ ವಾಸನೆ ಬಂದರೆ ಗಿರಾಕಿ ಟಿಪ್ಸ್ ಇರಲಿ, ಮತ್ತೆ ಬರುವುದೇ ಇಲ್ಲ. ನೀವು ಕೇಳುತ್ತಿರುವುದು ದಾನ ಅಲ್ಲ.

ಮೊದಲು ಸಂಬಳ ನೋಡಿಕೊಳ್ಳಿ. ಹೋಟೆಲ್ ಕೆಲಸಕ್ಕೆ ಸರ್ಕಾರ ಕನಿಷ್ಠ ಕೂಲಿ ಗೊತ್ತುಮಾಡಿದೆ. ನಿಮ್ಮ ಕೆಲಸಕ್ಕೆ ಈಗ ಎಷ್ಟು ಅಂತ ಕಾರ್ಮಿಕ ಇಲಾಖೆಯ ಕಚೇರಿಯಲ್ಲಿ ಮಗಳು ಕೇಳಿಕೊಂಡು ಬರಲಿ. ಅದಕ್ಕಿಂತ ಕಡಿಮೆ ಇದ್ದರೆ ಹುಡುಗರನ್ನಲ್ಲ, ಮಾಲೀಕರನ್ನು ಕೇಳಬೇಕು. ಹೋಟೆಲಿನಲ್ಲಿ 10 ಜನ ಅಥವಾ ಅದಕ್ಕಿಂತ ಜಾಸ್ತಿ ಇದ್ದು, ನಿಮ್ಮ ಸಂಬಳ 21 ಸಾವಿರದ ಒಳಗಿದ್ದರೆ ಇಎಸ್‌ಐ ಕಾರ್ಡ್, ಅಂದರೆ ಕೆಲಸದವರಿಗೆ ಸರ್ಕಾರದ ಆರೋಗ್ಯ ವಿಮೆಯ ಕಾರ್ಡ್, ಸಿಗಬೇಕು. ನಿಮ್ಮ ಸಂಬಳದಲ್ಲಿ ನೂರಕ್ಕೆ ಮುಕ್ಕಾಲು ರೂಪಾಯಿ ಹೋಗುತ್ತದೆ, ಉಳಿದದ್ದು ಮಾಲೀಕರು ಕಟ್ಟುತ್ತಾರೆ. ಸೋಪಿನ ನೀರಿಗೆ ಬೆರಳು ಸಂದಿ ಬಿರುಕು ಬಿಟ್ಟರೆ, ಸೊಂಟ ಹಿಡಿದರೆ ಇಎಸ್‌ಐ ಆಸ್ಪತ್ರೆಯಲ್ಲಿ ತೋರಿಸಬಹುದು. ಇದನ್ನು ಟಿಪ್ಸಿಗಿಂತ ಮೊದಲು ಕೇಳಿ.

ಆಮೇಲೆ ಹುಡುಗರ ಹತ್ತಿರ. ಗಿರಾಕಿ ಇರುವಾಗ ಬೇಡ. ಮೂರೂವರೆಗೆ ಅವರು ಊಟಕ್ಕೆ ಕೂತಾಗ, ಎಲ್ಲರಿಗಿಂತ ಹಳಬನನ್ನು ಪಕ್ಕಕ್ಕೆ ಕರೆಯಿರಿ. ನಿಮ್ಮ ಜೊತೆ ತಿಕ್ಕುವವರು ಇದ್ದರೆ ಅವರನ್ನೂ ಜೊತೆಗೆ ನಿಲ್ಲಿಸಿಕೊಳ್ಳಿ. "ಹಬ್ಬಕ್ಕೆ ಕೊಡೋದನ್ನ ವಾರ ವಾರ ಸ್ವಲ್ಪ ಸ್ವಲ್ಪ ಕೊಡ್ತೀರಾ?" ಅಂತ ಶುರು ಮಾಡಿ. ಎಷ್ಟು ಅಂತ ನೀವು ಹೇಳಬೇಡಿ, ಅವರೇ ಹೇಳಲಿ. ಕಡಿಮೆ ಹೇಳಿದರೂ ಮೊದಲ ವಾರ ತಗೊಳ್ಳಿ. ಮಗಳ ಅಕ್ಷರ ಮುದ್ದಾಗಿದೆ. ಒಂದು ಸಣ್ಣ ಪುಸ್ತಕದಲ್ಲಿ ತಾರೀಕು, ದುಡ್ಡು ಅವಳ ಕೈಲೇ ಬರೆಸಿಡಿ. ನಮ್ಮಲ್ಲಿ ಮುಸುರೆ ತಿಕ್ಕುತ್ತಿದ್ದ ಅಮ್ಮನಿಗೆ ಓದಲು ಬರುತ್ತಿರಲಿಲ್ಲ. ಆದರೂ ಪ್ರತಿ ಭಾನುವಾರ ನನ್ನ ಪುಸ್ತಕದಲ್ಲಿ ಅವರ ಸಾಲು ಯಾವುದು ಅಂತ ಬೆರಳಿಟ್ಟು ಕೇಳುತ್ತಿದ್ದರು. ನಾನು ತೋರಿಸುವವರೆಗೂ ಸೀರೆ ಸೆರಗಿಗೆ ದುಡ್ಡು ಕಟ್ಟಿಕೊಳ್ಳುತ್ತಿರಲಿಲ್ಲ.

ಹುಡುಗರು ಏನಂದರು ಅಂತ ಮಗಳ ಕೈಲಿ ಇನ್ನೊಂದು ಕಾಗದ ಬರೆಸಿ. ಕಾಯುತ್ತಿರುತ್ತೇನೆ.